ತುಮಕೂರಿನಿಂದ ಮುಂಬೈಗೆ ಎಷ್ಟು ಗಂಟೆ? ವಿಮಾನಯಾನದ ನಿಜ ಲೆಕ್ಕ

ಬೆಂಗಳೂರು ಮತ್ತು ಮುಂಬೈ ವಿಮಾನ ನಿಲ್ದಾಣಗಳ ನಡುವಿನ ನೇರ ಅಂತರ ಸುಮಾರು 830 ಕಿ.ಮೀ. ವಿಮಾನ ಸಂಸ್ಥೆಗಳ ವೇಳಾಪಟ್ಟಿಯಲ್ಲಿ ಈ ಪ್ರಯಾಣಕ್ಕೆ ಒಂದೂ ಮುಕ್ಕಾಲರಿಂದ ಎರಡು ಗಂಟೆಗಳ ಅವಧಿಯನ್ನು ತೋರಿಸಲಾಗುತ್ತದೆ. ದೆಹಲಿಗೆ ಸುಮಾರು 1,700 ಕಿ.ಮೀ.; ಅವಧಿ ಮೂರು ಗಂಟೆಗೆ ಸಮೀಪ. ಹುಬ್ಬಳ್ಳಿಗೆ ಸುಮಾರು 370 ಕಿ.ಮೀ., ಮಂಗಳೂರಿಗೆ ಸುಮಾರು 300 ಕಿ.ಮೀ.; ಎರಡೂ ಕಡೆಗೆ ಒಂದು ಗಂಟೆಗಿಂತ ತುಸು ಹೆಚ್ಚು. ಈ ಅಂಕಿಗಳಲ್ಲಿ ತಪ್ಪಿಲ್ಲ. ಆದರೆ ತುಮಕೂರಿನ ಉದ್ಯಮಿಗೆ, ಗುಬ್ಬಿಯ ಕೊಬ್ಬರಿ ವರ್ತಕರಿಗೆ, ಕುಣಿಗಲಿನ ಸಣ್ಣ ಕೈಗಾರಿಕೆಯ ಮಾಲೀಕರಿಗೆ ಇವು ಅರ್ಧ ಸತ್ಯ ಮಾತ್ರ. ಇವರಲ್ಲಿ ಯಾರ ಅಂಗಡಿಯೂ ದೇವನಹಳ್ಳಿಯಲ್ಲಿಲ್ಲ. ಇವರ ಗಿರಾಕಿಗಳ ಗೋದಾಮು ಮುಂಬೈನ ರನ್‌ವೇ ಪಕ್ಕದಲ್ಲಿಯೂ ಇಲ್ಲ.

ಬೆಂಗಳೂರಿಗೆ ಎರಡನೆಯ ವಿಮಾನ ನಿಲ್ದಾಣ ಬೇಕೆಂಬ ಚರ್ಚೆ ನಡೆದಿರುವ ಈ ಕಾಲದಲ್ಲಿ, ಜಿಲ್ಲೆಯ ವಾಣಿಜ್ಯ ವಲಯದಲ್ಲಿ ಉತ್ಸಾಹದ ಮಾತುಗಳು ಧಾರಾಳವಾಗಿ ಕೇಳಿಬರುತ್ತಿವೆ. ಉತ್ಸಾಹ ಸಹಜವೇ. ಆದರೆ ಯಾವ ಬೇಡಿಕೆಯನ್ನು ಯಾರ ಮುಂದೆ ಇಡಬೇಕೆಂದು ನಿರ್ಧರಿಸುವ ಮೊದಲು, ವಿಮಾನ ಪ್ರಯಾಣದಲ್ಲಿ ಸಮಯ ಎಲ್ಲಿ ಉಳಿಯುತ್ತದೆ, ಎಲ್ಲಿ ಸೋರಿಹೋಗುತ್ತದೆ ಎಂಬುದನ್ನು ವರ್ತಕರು ತಮ್ಮ ಖಾತೆ ಪುಸ್ತಕದಷ್ಟೇ ಶ್ರದ್ಧೆಯಿಂದ ಲೆಕ್ಕ ಹಾಕುವುದು ಒಳಿತು.

ವೇಳಾಪಟ್ಟಿ ಹೇಳುವುದೇನು?

ಎರಡು ವಿಮಾನ ನಿಲ್ದಾಣಗಳ ನಡುವಿನ ಅಂತರವೆಂದರೆ ಭೂಗೋಳದ ಮೇಲೆ ಎಳೆಯಬಹುದಾದ ಅತ್ಯಂತ ಹ್ರಸ್ವವಾದ ರೇಖೆ. ಜೆಟ್ ವಿಮಾನ ಎತ್ತರಕ್ಕೆ ಏರಿದ ಮೇಲೆ ಗಂಟೆಗೆ 800 ಕಿ.ಮೀ. ಮೀರಿದ ವೇಗದಲ್ಲಿ ಸಾಗುತ್ತದೆ. ಹಾಗಾದರೆ ಮುಂಬೈಗೆ ಒಂದು ಗಂಟೆ ಸಾಕಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ವೇಳಾಪಟ್ಟಿಯಲ್ಲಿರುವುದು ಗಾಳಿಯಲ್ಲಿರುವ ಸಮಯವಷ್ಟೇ ಅಲ್ಲ. ವಿಮಾನವು ತಾನು ನಿಂತ ಜಾಗದಿಂದ ಕದಲಿದ ಕ್ಷಣದಿಂದ, ತಲಪುವ ಊರಿನಲ್ಲಿ ಮತ್ತೆ ನಿಲುಗಡೆಗೆ ಬರುವವರೆಗಿನ ಅವಧಿಯೆಲ್ಲ ಅದರಲ್ಲಿ ಸೇರಿದೆ. ರನ್‌ವೇವರೆಗೆ ನೆಲದ ಮೇಲೆ ಸಾಗುವುದು, ಸರದಿಗಾಗಿ ಕಾಯುವುದು, ನಿಧಾನವಾಗಿ ಏರುವುದು, ಇಳಿಯುವ ಮುನ್ನ ಆಕಾಶದಲ್ಲಿ ಸುತ್ತು ಹಾಕುವುದು ಎಲ್ಲವೂ ಅಲ್ಲಿವೆ. ಸಣ್ಣ ಊರುಗಳಿಗೆ ಹೋಗುವ ಎಟಿಆರ್ ಮಾದರಿಯ ವಿಮಾನಗಳ ವೇಗ ಗಂಟೆಗೆ ಸುಮಾರು 500 ಕಿ.ಮೀ. ಮಾತ್ರ. ಆದ್ದರಿಂದಲೇ ದೂರ ಕಾಲು ಭಾಗಕ್ಕೆ ಇಳಿದರೂ ಅವಧಿ ಕಾಲು ಭಾಗಕ್ಕೆ ಇಳಿಯುವುದಿಲ್ಲ.

ಅಂದರೆ ಪ್ರಯಾಣ ಚಿಕ್ಕದಾದಷ್ಟೂ ವಿಮಾನದ ಲಾಭ ಕುಗ್ಗುತ್ತದೆ, ದೊಡ್ಡದಾದಷ್ಟೂ ಹಿಗ್ಗುತ್ತದೆ. ಮುಂದಿನ ಎಲ್ಲ ಲೆಕ್ಕಕ್ಕೂ ಇದೇ ಆಧಾರ.

ಬಾಗಿಲಿನಿಂದ ಬಾಗಿಲಿಗೆ

ತುಮಕೂರು ನಗರದಿಂದ ದೇವನಹಳ್ಳಿಯ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ನೇರ ಗೆರೆಯಲ್ಲಿ ಸುಮಾರು 70 ಕಿ.ಮೀ. ದೂರ. ರಸ್ತೆಯ ಮೂಲಕ ಡಾಬಸ್‌ಪೇಟೆ, ದೊಡ್ಡಬಳ್ಳಾಪುರ ಮಾರ್ಗವಾಗಿ ಎಂಬತ್ತರಿಂದ ತೊಂಬತ್ತು ಕಿ.ಮೀ. ಆಗುತ್ತದೆ. ಗುಬ್ಬಿ ಮತ್ತು ಕುಣಿಗಲಿನಿಂದ ನೂರು ಕಿ.ಮೀ. ಆಸುಪಾಸು.

ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಬಿಡಿಭಾಗ ತಯಾರಕರೊಬ್ಬರು ಬೆಳಿಗ್ಗೆ 11 ಗಂಟೆಗೆ ಮುಂಬೈನ ಅಂಧೇರಿಯಲ್ಲಿ ಖರೀದಿದಾರರನ್ನು ಕಾಣಬೇಕಾಗಿದೆ ಎಂದಿಟ್ಟುಕೊಳ್ಳಬಹುದು. ಒಂಬತ್ತು ಗಂಟೆಯ ಸುಮಾರಿಗೆ ಅಲ್ಲಿ ಇಳಿಯಬೇಕಾದರೆ ಏಳರ ವಿಮಾನ ಹಿಡಿಯಬೇಕು. ದೇಶೀಯ ಪ್ರಯಾಣದ ಕೌಂಟರುಗಳು ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುವುದರಿಂದ ಐದೂ ಮುಕ್ಕಾಲಕ್ಕೆ ನಿಲ್ದಾಣದ ಒಳಗಿರಬೇಕು. ರಸ್ತೆಗೆ ಎರಡು ಗಂಟೆ ಕೈಯಲ್ಲಿಟ್ಟುಕೊಂಡರೆ ಮುಂಜಾನೆ ಮೂರೂ ಮುಕ್ಕಾಲಕ್ಕೆ ಮನೆ ಬಿಡುವುದು ಅನಿವಾರ್ಯ. ಒಟ್ಟು ಏಳೂ ಕಾಲು ಗಂಟೆ. ಇದರಲ್ಲಿ ವೇಳಾಪಟ್ಟಿಯ ವಿಮಾನ ಪ್ರಯಾಣ ಎರಡು ಗಂಟೆ ಮಾತ್ರ. ಮಿಕ್ಕ ಐದೂ ಕಾಲು ಗಂಟೆ ನೆಲದ ಮೇಲೆಯೇ ಕಳೆಯುತ್ತದೆ.

ಸಂಜೆ ಏಳರ ವಿಮಾನದಲ್ಲಿ ಹಿಂದಿರುಗಿದರೆ ಮನೆ ಸೇರುವಾಗ ನಡುರಾತ್ರಿ. ಹೋಗುವಾಗಲೂ ಬರುವಾಗಲೂ ಟ್ಯಾಕ್ಸಿ ಗೊತ್ತು ಮಾಡಬೇಕು. ಬಾಡಿಗೆ ವಾಹನ ಖಾಲಿ ಮರಳುವ ದೂರಕ್ಕೂ ಹಣ ತೆರಬೇಕು. ಅಗ್ಗದ ಟಿಕೆಟ್ ದೊರೆತ ದಿನಗಳಲ್ಲಿ ಟ್ಯಾಕ್ಸಿಯ ಖರ್ಚು ವಿಮಾನದ ಖರ್ಚಿಗೆ ಪೈಪೋಟಿ ಕೊಡುವುದು ಅನೇಕ ವರ್ತಕರ ಅನುಭವ. ಇಷ್ಟಾದರೂ ಮುಂಬೈ, ದೆಹಲಿ, ಕೋಲ್ಕತ್ತಗಳಂತಹ ದೂರದ ಊರುಗಳಿಗೆ ವಿಮಾನವೇ ಲಾಭದಾಯಕ ಎಂಬುದು ನಿರ್ವಿವಾದ. ಒಂದು ದಿನದಲ್ಲಿ ಹೋಗಿ ಬರಲು ಬೇರೆ ದಾರಿಯಿಲ್ಲ.

ತಲೆಯ ಮೇಲೆ ಹಾರುವ ವಿಮಾನ

ಹತ್ತಿರದ ಊರುಗಳ ಕಥೆ ಬೇರೆ. ಶಿವಮೊಗ್ಗ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡಿತು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಅಲ್ಲಿ ಇಳಿಯಿತು. ಎರಡು ನಿಲ್ದಾಣಗಳ ನಡುವಿನ ನೇರ ಅಂತರ ಸುಮಾರು 240 ಕಿ.ಮೀ. ನಕ್ಷೆಯ ಮೇಲೆ ಈ ಎರಡು ಬಿಂದುಗಳನ್ನು ಸೇರಿಸಿ ಗೆರೆ ಎಳೆದರೆ ಅದು ತುಮಕೂರು ನಗರದ ಅತಿ ಸಮೀಪದಲ್ಲಿಯೇ ಹಾದುಹೋಗುತ್ತದೆ. ತುಮಕೂರಿನವರು ಈ ವಿಮಾನ ಹತ್ತಬೇಕಾದರೆ ಪೂರ್ವಕ್ಕೆ ಎಂಬತ್ತು ಕಿ.ಮೀ. ಹಿಂದೆ ಸರಿದು, ಅಲ್ಲಿ ಒಂದೂವರೆ ಗಂಟೆ ಕಾದು, ತಮ್ಮ ಊರಿನ ಮೇಲೆಯೇ ಮರಳಿ ಹಾರಬೇಕು! ಗುಬ್ಬಿ, ತಿಪಟೂರು, ಅರಸೀಕೆರೆ ಮಾರ್ಗವಾಗಿ ಶಿವಮೊಗ್ಗಕ್ಕೆ ರಸ್ತೆಯಲ್ಲಿ ಇನ್ನೂರು ಕಿ.ಮೀ.ಗೆ ತುಸು ಹೆಚ್ಚು. ನಾಲ್ಕು ಗಂಟೆಯ ಹಾದಿ. ವಿಮಾನದ ದಾರಿಯಲ್ಲಿ ಎಲ್ಲ ಸೇರಿ ಐದು ಗಂಟೆ.

ಹುಬ್ಬಳ್ಳಿಯ ಲೆಕ್ಕವೂ ಹೆಚ್ಚು ಭಿನ್ನವಲ್ಲ. 2023ರ ಜೂನ್‌ನಲ್ಲಿ ಆರಂಭವಾದ ಬೆಂಗಳೂರು-ಧಾರವಾಡ ವಂದೇ ಭಾರತ್ ರೈಲಿಗೆ 2024ರಲ್ಲಿ ತುಮಕೂರಿನಲ್ಲಿ ನಿಲುಗಡೆ ದೊರೆಯಿತು. ಅದರಲ್ಲಿ ಐದು ಗಂಟೆಯೊಳಗೆ ಹುಬ್ಬಳ್ಳಿ ಸೇರಬಹುದು. ದೇವನಹಳ್ಳಿಯ ಮೂಲಕ ಹಾರಿದರೂ ಹೆಚ್ಚುಕಡಿಮೆ ಅಷ್ಟೇ ಹೊತ್ತು, ಖರ್ಚು ಮಾತ್ರ ಹಲವು ಪಟ್ಟು. ಕುಣಿಗಲಿನಿಂದ ಮಂಗಳೂರಿಗೆ ಸುಮಾರು 280 ಕಿ.ಮೀ. ಹೆದ್ದಾರಿ, ಐದೂವರೆ-ಆರು ಗಂಟೆ. ವಿಮಾನದಲ್ಲಿಯೂ ಅದೇ ಐದೂವರೆ ಗಂಟೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದಾಗ ಮಾತ್ರ ವಿಮಾನ ಆಪದ್ಬಾಂಧವನಾದೀತು.

ಈ ಲೆಕ್ಕದ ತಾತ್ಪರ್ಯ ಸರಳ. ನಾನೂರು ಕಿ.ಮೀ. ಒಳಗಿನ ಪ್ರಯಾಣಕ್ಕೆ ತುಮಕೂರು ಸೀಮೆಯವರಿಗೆ ರೈಲು ಮತ್ತು ಹೆದ್ದಾರಿಯೇ ಗತಿ. ಆ ದೂರ ಮೀರಿದಲ್ಲಿ ವಿಮಾನ ಲಾಭ ತರುತ್ತದೆ. ಆ ಲಾಭವನ್ನು ಹೆಚ್ಚಿಸುವ ಉಪಾಯ ಇರುವುದು ದೇವನಹಳ್ಳಿಯವರೆಗಿನ ನೆಲದ ದಾರಿಯಲ್ಲಿ.

ಬರುವವರ ಗಡಿಯಾರ

ಇದುವರೆಗೆ ಚರ್ಚಿಸಿದ್ದು ಹೋಗುವವರ ಸಮಯ. ವ್ಯಾಪಾರದ ದೃಷ್ಟಿಯಿಂದ ಇದಕ್ಕಿಂತ ಮಹತ್ವದ್ದು ಬರುವವರ ಸಮಯ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆ ಪ್ರದೇಶದಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಲೋಕಾರ್ಪಣೆಗೊಂಡಿತು. ವಸಂತನರಸಾಪುರದಲ್ಲಿ 2014ರಲ್ಲಿ ಆಹಾರ ಪಾರ್ಕ್ ಉದ್ಘಾಟನೆಯಾಯಿತು. ಮಷಿನ್ ಟೂಲ್ ಪಾರ್ಕ್ ರೂಪುಗೊಂಡಿತು. ಚೆನ್ನೈ-ಬೆಂಗಳೂರು ಕೈಗಾರಿಕಾ ಕಾರಿಡಾರ್‌ನಲ್ಲಿ ತುಮಕೂರು ಕೈಗಾರಿಕಾ ಕೇಂದ್ರಕ್ಕೆ 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರದ ಅನುಮೋದನೆ ದೊರೆಯಿತು. ಕುಣಿಗಲಿನ ಅಂಚೆಪಾಳ್ಯ, ತುಮಕೂರಿನ ಹಿರೇಹಳ್ಳಿ ಮತ್ತು ಸತ್ಯಮಂಗಲಗಳಲ್ಲಿ ಸಣ್ಣ ಘಟಕಗಳು ದುಡಿಯುತ್ತಿವೆ. ಇಂತಹ ಘಟಕವೊಂದು ದೊಡ್ಡ ಸಂಸ್ಥೆಗೆ ಬಿಡಿಭಾಗ ಪೂರೈಸಬೇಕಾದರೆ, ಮೊದಲು ಆ ಸಂಸ್ಥೆಯ ಗುಣಮಟ್ಟ ಪರೀಕ್ಷಕರು ಬಂದು ಯಂತ್ರಗಳನ್ನು, ಅಳತೆಯ ಉಪಕರಣಗಳನ್ನು, ದಾಖಲೆಗಳನ್ನು ನೋಡಬೇಕು. ಪುಣೆಯಿಂದಲೋ ಗುರುಗ್ರಾಮದಿಂದಲೋ ಬೆಳಿಗ್ಗೆ ಬಂದು ರಾತ್ರಿ ಮರಳುವ ಅಂತಹವರ ಕೈಯಲ್ಲಿ ಇರುವುದು ಆರೇಳು ಗಂಟೆ. ದೇವನಹಳ್ಳಿಯಿಂದ ವಸಂತನರಸಾಪುರಕ್ಕೆ ಹೋಗಿ ಬರುವುದರಲ್ಲಿಯೇ ಅದರ ದೊಡ್ಡ ಪಾಲು ಕರಗಿದರೆ, ದೊಡ್ಡಬಳ್ಳಾಪುರದಲ್ಲಿಯೋ ಪೀಣ್ಯದಲ್ಲಿಯೋ ಇರುವ ಪ್ರತಿಸ್ಪರ್ಧಿಯ ಘಟಕವನ್ನು ನೋಡಿ ಅವರು ತೃಪ್ತರಾಗುವುದು ಸಹಜ. ತುಮಕೂರಿನವರ ದರ ಕಡಿಮೆಯಿರಬಹುದು, ಕೆಲಸ ಅಚ್ಚುಕಟ್ಟಾಗಿರಬಹುದು. ನೋಡುವವರೇ ಬಾರದಿದ್ದರೆ ಕೈಗೆ ಬಂದ ತುತ್ತು ಬಾಯಿಗೆ ಬಾರದು. ನೆಲದ ಮೇಲೆ ಉಳಿಸಿದ ಅರ್ಧ ಗಂಟೆಯ ಬೆಲೆ ಇಲ್ಲಿದೆ.

ಸರಕಿನ ಲೆಕ್ಕ

ಸರಕಿಗಂತೂ ಹಾರುವ ಅವಧಿ ಇನ್ನೂ ಗೌಣ. ಕೊಬ್ಬರಿ, ಅಡಿಕೆ, ಗ್ರಾನೈಟ್‌ಗಳಂತಹ ಭಾರದ ಮಾಲು ಲಾರಿ, ರೈಲು, ಹಡಗುಗಳನ್ನೇ ನೆಚ್ಚಬೇಕು. ವಿಮಾನಕ್ಕೆ ಯೋಗ್ಯವಾದುದು ಹಗುರವಾದ, ಬೆಲೆಯುಳ್ಳ, ತುರ್ತಾದ ಸರಕು: ನಿಖರ ಅಳತೆಯ ಬಿಡಿಭಾಗ, ಸಿದ್ಧ ಉಡುಪಿನ ಮಾದರಿ, ಕೆಡುವ ಹೂವು-ಹಣ್ಣು. ಇಂತಹ ಪೆಟ್ಟಿಗೆ ಎರಡು ಗಂಟೆ ಹಾರಿದರೂ, ಗೋದಾಮು, ಭದ್ರತಾ ತಪಾಸಣೆ, ಸುಂಕದ ಕಾಗದಪತ್ರ, ಮುಂದಿನ ವಿಮಾನದ ಸರದಿ ಎಂದು ಎರಡೂ ತುದಿಗಳಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೊತ್ತು ಹಿಡಿಯುತ್ತದೆ. ಮಾಲು ಒಪ್ಪಿಸುವ ಗಡುವಿಗೆ ಹತ್ತು ನಿಮಿಷ ತಡವಾಗಿ ಬಂದ ವಾಹನ ಒಂದಿಡೀ ದಿನವನ್ನು ಕಳೆದುಕೊಳ್ಳಬಹುದು. ಆದ್ದರಿಂದ ರವಾನೆದಾರರಿಗೆ ಬೇಕಾದುದು ಅತಿ ವೇಗದ ರಸ್ತೆಗಿಂತ ನಂಬಿಕೆಯ ರಸ್ತೆ. ಎಂದೂ ಇಷ್ಟೇ ಹೊತ್ತು ಎಂದು ಹೇಳಬಹುದಾದ ರಸ್ತೆ.

ಹೊಸದಾಗಿ ವಿಮಾನದಲ್ಲಿ ಮಾಲು ಕಳುಹಿಸುವವರು ಮತ್ತೊಂದು ಸಂಗತಿಯನ್ನು ಮರೆಯಬಾರದು. ವಿಮಾನ ಸರಕಿನ ದರ ತೂಕಕ್ಕೂ ಗಾತ್ರಕ್ಕೂ ಅನ್ವಯವಾಗುತ್ತದೆ. ಎರಡರಲ್ಲಿ ಹೆಚ್ಚಿನದನ್ನು ಗಣನೆಗೆ ತೆಗೆದುಕೊಳ್ಳಲಾಗುತ್ತದೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6,000ದಿಂದ ಭಾಗಿಸುವುದು ವಿಮಾನ ಸರಕಿನ ಸಾಮಾನ್ಯ ಪದ್ಧತಿ. 60, 50, 40 ಸೆಂ.ಮೀ. ಅಳತೆಯ ಪೆಟ್ಟಿಗೆಯ ಗಾತ್ರದ ತೂಕ 20 ಕೆ.ಜಿ. ಒಳಗಿನ ಮಾಲು 12 ಕೆ.ಜಿ. ಇದ್ದರೂ ಬಾಡಿಗೆ 20 ಕೆ.ಜಿ.ಗೇ ಕೊಡಬೇಕು. ಪ್ಯಾಕಿಂಗ್‌ನಲ್ಲಿ ತೋರುವ ಎಚ್ಚರಿಕೆ ಕೆಲವೊಮ್ಮೆ ದರದ ಚೌಕಾಸಿಗಿಂತ ಹೆಚ್ಚು ಹಣ ಉಳಿಸುತ್ತದೆ.

ಎರಡನೆಯ ವಿಮಾನ ನಿಲ್ದಾಣದ ಪ್ರಶ್ನೆ

ಬೆಂಗಳೂರಿನ ವಿಮಾನ ಸಂಚಾರ 2008ರ ಮೇ 24ರಂದು ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಗೆ ಸ್ಥಳಾಂತರಗೊಂಡಾಗ, ಊರಿನಿಂದ ದೂರವಾಯಿತೆಂದು ಬೆಂಗಳೂರಿಗರು ಆಕ್ಷೇಪಿಸಿದ್ದರು. ತುಮಕೂರಿನವರಿಗೆ ಕಿಲೋಮೀಟರಿನ ಲೆಕ್ಕದಲ್ಲಿ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಹಿಂದೆ ಯಶವಂತಪುರದಿಂದ ಪೂರ್ವದ ತುದಿಯವರೆಗೆ ಇಡೀ ನಗರವನ್ನು ದಾಟಬೇಕಾಗಿತ್ತು. ದೇವನಹಳ್ಳಿಗಾದರೋ ನಗರವನ್ನು ಹೊಗದೆ ಡಾಬಸ್‌ಪೇಟೆಯಿಂದಲೇ ತಿರುಗಿಕೊಳ್ಳುವುದು ಸಾಧ್ಯವಾಯಿತು. ನಿಲ್ದಾಣ ಎಷ್ಟು ದೂರವಿದೆ ಎಂಬುದಕ್ಕಿಂತ ಮಹಾನಗರದ ಯಾವ ಮಗ್ಗುಲಲ್ಲಿದೆ ಎಂಬುದು ಮುಖ್ಯವೆಂಬ ಪಾಠ ಇದರಲ್ಲಿದೆ.

2004ರ ಜುಲೈನಲ್ಲಿ ಆದ ರಿಯಾಯಿತಿ ಒಪ್ಪಂದದ ಪ್ರಕಾರ, ದೇವನಹಳ್ಳಿ ನಿಲ್ದಾಣ ಆರಂಭವಾದ 25 ವರ್ಷಗಳವರೆಗೆ, ಎಂದರೆ 2033ರ ಮೇ ತಿಂಗಳವರೆಗೆ, ಅದರಿಂದ 150 ಕಿ.ಮೀ. ವೈಮಾನಿಕ ದೂರದೊಳಗೆ ಮತ್ತೊಂದು ಅಂತಾರಾಷ್ಟ್ರೀಯ ನಿಲ್ದಾಣಕ್ಕೆ ಅವಕಾಶವಿಲ್ಲ. ಮೈಸೂರು ಮತ್ತು ಹಾಸನಗಳಿಗೆ ವಿನಾಯಿತಿ ನೀಡಲಾಗಿದೆ. ಇಡೀ ತುಮಕೂರು ನಗರ, ಗುಬ್ಬಿ, ಕುಣಿಗಲ್ ಈ ವರ್ತುಲದ ಒಳಗಿವೆ. ಆ ಅವಧಿ ಮುಗಿಯುವುದನ್ನು ಎದುರುನೋಡಿ ರಾಜ್ಯ ಸರ್ಕಾರ ಮೂರು ಸ್ಥಳಗಳನ್ನು ಗುರುತಿಸಿತು: ಎರಡು ಕನಕಪುರ ರಸ್ತೆಯ ಕಡೆ, ಒಂದು ನೆಲಮಂಗಲದ ಬಳಿ ಕುಣಿಗಲ್ ರಸ್ತೆಯಲ್ಲಿ. 2025ರ ಏಪ್ರಿಲ್‌ನಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಈ ಸ್ಥಳಗಳನ್ನು ಪರಿಶೀಲಿಸಿತು. ಶಿರಾ ಕಡೆಗೆ ನಿಲ್ದಾಣ ಬರಲೆಂಬ ಬೇಡಿಕೆಯೂ ಜಿಲ್ಲೆಯಲ್ಲಿ ಕೇಳಿಬಂದಿದೆ.

ಜಿಲ್ಲೆಯ ವಾಣಿಜ್ಯ ಹಿತದಿಂದ ನೋಡಿದರೆ ಆಯ್ಕೆ ಸ್ಪಷ್ಟ. ನೆಲಮಂಗಲ-ಕುಣಿಗಲ್ ರಸ್ತೆಯ ಸ್ಥಳ ಈ ಮೂರೂ ಊರುಗಳಿಗೆ ದೇವನಹಳ್ಳಿಗಿಂತ ಹತ್ತಿರ. ಕನಕಪುರ ರಸ್ತೆಯ ಸ್ಥಳಗಳು ತುಮಕೂರು ಮತ್ತು ಗುಬ್ಬಿಗೆ ದೇವನಹಳ್ಳಿಗಿಂತಲೂ ದೂರ. ಆದರೂ ಈ ವಾದವನ್ನು ಮಂಡಿಸುವಾಗ ಮೂರು ಎಚ್ಚರಿಕೆಗಳು ಅಗತ್ಯ.

ಮೊದಲನೆಯದು, ನಿಲ್ದಾಣ ಹತ್ತಿರವಾದ ಮಾತ್ರಕ್ಕೆ ವಿಮಾನಗಳು ಬರುವುದಿಲ್ಲ. ಮೈಸೂರಿನ ಮಂಡಕಳ್ಳಿ ನಿಲ್ದಾಣ 2010ರಲ್ಲಿ ನವೀಕೃತಗೊಂಡು ತೆರೆದ ಮೇಲೆ ಹಲವು ಸಂಸ್ಥೆಗಳು ಸಂಚಾರ ಆರಂಭಿಸಿ ನಿಲ್ಲಿಸಿದವು. ಮೈಸೂರಿನ ವರ್ತಕರು ದೇವನಹಳ್ಳಿಗೆ ಹೋಗುವ ಸರ್ಕಾರಿ ಫ್ಲೈಬಸ್ಸನ್ನೇ ಅವಲಂಬಿಸಬೇಕಾಯಿತು.

ಎರಡನೆಯದು, ಒಂದು ನಗರಕ್ಕೆ ಎರಡು ನಿಲ್ದಾಣಗಳಾದಾಗ ಅವುಗಳ ನಡುವಿನ ನೆಲದ ಅಂತರವೇ ಹೊಸ ತೊಡಕಾಗುತ್ತದೆ. 2023ರ ಜನವರಿಯಲ್ಲಿ ಗೋವಾದ ಮೋಪಾ ನಿಲ್ದಾಣ ಆರಂಭವಾದಂದಿನಿಂದ, ಟಿಕೆಟ್ಟಿನ ಮೇಲೆ ‘ಗೋವಾ’ ಎಂದಿದ್ದರೆ ಅದು ದಾಬೋಲಿಮ್ಮೋ ಮೋಪಾವೋ ಎಂದು ನೋಡಬೇಕಾಗಿದೆ. 2025ರ ಡಿಸೆಂಬರ್‌ನಲ್ಲಿ ನವಿ ಮುಂಬೈ ನಿಲ್ದಾಣದಲ್ಲಿ ಸಂಚಾರ ಆರಂಭವಾಯಿತು. ವಾಶಿಯ ಮಾರುಕಟ್ಟೆಗೆ ಹೋಗುವ ಗುಬ್ಬಿಯ ವರ್ತಕರಿಗೆ ಅದು ಅನುಕೂಲ. ಅಂಧೇರಿಗೆ ಹೋಗುವವರಿಗೆ ಹಳೆಯದೇ ಲೇಸು. ನಾಳೆ ಬೆಂಗಳೂರಿನಲ್ಲಿಯೂ ದೆಹಲಿಯ ವಿಮಾನ ಒಂದು ಕಡೆ, ದುಬೈನ ವಿಮಾನ ಮತ್ತೊಂದು ಕಡೆ ಆದರೆ ಹೊಸ ನಿಲ್ದಾಣದ ಲಾಭ ಅರ್ಧಕ್ಕೆ ಇಳಿಯುತ್ತದೆ.

ಮೂರನೆಯದು, ಇಂತಹ ಯೋಜನೆಗೆ ಸಾವಿರಾರು ಎಕರೆ ಭೂಮಿ ಬೇಕು. ತೆಂಗು, ಅಡಿಕೆ, ರಾಗಿ ಬೆಳೆಯುವ ನೆಲ ಅದು. ಫಲಕ್ಕೆ ಬಂದ ತೆಂಗಿನ ತೋಟವನ್ನು ಪರಿಹಾರದ ಹಣದಿಂದ ಮರುವರ್ಷವೇ ಬೇರೆಡೆ ಎಬ್ಬಿಸಲಾಗದು. ಆ ತೋಟಗಳ ಉತ್ಪನ್ನವೇ ಈ ಪ್ರದೇಶದ ಮಂಡಿಗಳ ಜೀವಾಳ. ಸ್ಥಳ ಇನ್ನೂ ನಿಶ್ಚಯವಾಗದಿರುವಾಗ ವಿಮಾನ ನಿಲ್ದಾಣದ ಹೆಸರಿನಲ್ಲಿ ನಿವೇಶನ ಕೊಳ್ಳಲು ಮುಂದಾಗುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ದುಡಿಯುವ ಬಂಡವಾಳವನ್ನು ಹೀಗೆ ಹೂಳುವ ಮುನ್ನ ವರ್ತಕ ಬಾಂಧವರು ಎರಡು ಸಲ ಯೋಚಿಸಬೇಕು.

ಈಗ ಆಗಬೇಕಾದುದು

ಹೊಸ ನಿಲ್ದಾಣ 2033ರ ಮೊದಲು ಕಾರ್ಯಾರಂಭ ಮಾಡುವುದು ಕಷ್ಟಸಾಧ್ಯ. ಅಲ್ಲಿಯವರೆಗೆ ದೇವನಹಳ್ಳಿಯೇ ಆಶ್ರಯ. ಆದ್ದರಿಂದ ಜಿಲ್ಲೆಯ ವಾಣಿಜ್ಯ ಸಮುದಾಯದ ಮೊದಲ ಬೇಡಿಕೆ ತುಮಕೂರು-ದೇವನಹಳ್ಳಿ ನಡುವಿನ ನೆಲದ ಸಂಪರ್ಕಕ್ಕೆ ಸಂಬಂಧಿಸಿರಬೇಕು. ಡಾಬಸ್‌ಪೇಟೆ-ದೊಡ್ಡಬಳ್ಳಾಪುರ ಹೆದ್ದಾರಿ ಅಭಿವೃದ್ಧಿಗೊಂಡಿರುವುದು ದೊಡ್ಡ ಅನುಕೂಲ. ಈ ಮಾರ್ಗದಲ್ಲಿ ಸಂಚರಿಸುವ ಬಸ್ಸುಗಳ ವೇಳೆ ವಿಮಾನಗಳ ವೇಳೆಗೆ ಹೊಂದಬೇಕು. ಬೆಳಗಿನ ಆರರಿಂದ ಎಂಟರವರೆಗಿನ ವಿಮಾನಗಳಿಗೆ ತಲಪಿಸುವಂತೆಯೂ ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಇಳಿದವರನ್ನು ಕರೆತರುವಂತೆಯೂ ಬಸ್ಸುಗಳಿರಬೇಕು; ಗುಬ್ಬಿ ಮತ್ತು ಕುಣಿಗಲಿನಿಂದ ಅವಕ್ಕೆ ಜೋಡಣೆ ಇರಬೇಕು. ಹಗಲು ಹನ್ನೆರಡಕ್ಕೆ ಓಡುವ ಬಸ್ಸು ಎಷ್ಟೇ ಸುಖಾಸನದ್ದಾದರೂ ವ್ಯಾಪಾರಿಗೆ ಪ್ರಯೋಜನವಿಲ್ಲ. ಸಣ್ಣ ರವಾನೆದಾರರ ಪೆಟ್ಟಿಗೆಗಳನ್ನು ಒಂದೆಡೆ ಕೂಡಿಸಿ ದಿನಕ್ಕೊಮ್ಮೆ ನಿಗದಿತ ವೇಳೆಗೆ ಸರಕು ಸಂಕೀರ್ಣಕ್ಕೆ ಮುಟ್ಟಿಸುವ ವ್ಯವಸ್ಥೆಯನ್ನು ಉದ್ಯಮಿಗಳೇ ಸಹಕಾರದಿಂದ ಆರಂಭಿಸಬಹುದು. ಇದಕ್ಕೆ ಸರ್ಕಾರದ ದಾರಿ ಕಾಯಬೇಕಾಗಿಲ್ಲ.

ಎರಡನೆಯ ನಿಲ್ದಾಣದ ಬಗೆಗಿನ ಮನವಿಗೂ ಅಂಕಿ ಅಂಶಗಳ ಬಲ ಬೇಕು. ಪ್ರತಿಯೊಂದು ಘಟಕವೂ ಮೂರು ತಿಂಗಳ ಕಾಲ ತನ್ನ ವಿಮಾನ ಪ್ರಯಾಣಗಳ ವಿವರವನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ: ಮನೆ ಬಿಟ್ಟ ವೇಳೆ, ನಿಲ್ದಾಣ ಸೇರಿದ ವೇಳೆ, ವಿಮಾನ ಹೊರಟ ಮತ್ತು ಇಳಿದ ವೇಳೆ, ಕೆಲಸದ ಸ್ಥಳ ತಲಪಿದ ವೇಳೆ, ರಸ್ತೆಗೆ ತಗಲಿದ ಖರ್ಚು. ತಪಾಸಣೆಗೆ ಬರಬೇಕಾಗಿದ್ದು ಬಾರದೆ ಹೋದ ಖರೀದಿದಾರರ ಲೆಕ್ಕವೂ ಅದರಲ್ಲಿರಲಿ. ನೂರು ಘಟಕಗಳ ಇಂತಹ ದಾಖಲೆ ಸಾವಿರ ಸಹಿಗಳ ಮನವಿಗಿಂತ ಹೆಚ್ಚು ತೂಗುತ್ತದೆ. ತಕ್ಕಡಿಯ ಮುಳ್ಳು ನೋಡಿ ವ್ಯವಹರಿಸುವುದು ವರ್ತಕರಿಗೆ ಹೊಸತಲ್ಲ. ಸಮಯವನ್ನೂ ಹಾಗೆಯೇ ತೂಗಿ ಮುಂದಿಟ್ಟರೆ, ನೆಲಮಂಗಲವೋ ಕನಕಪುರವೋ ಎಂಬ ತೀರ್ಮಾನ ಆಗುವ ದಿನ ತುಮಕೂರು, ಗುಬ್ಬಿ, ಕುಣಿಗಲಿನ ಮಾತಿಗೂ ಅಲ್ಲಿ ಒಂದು ಸ್ಥಾನ ದೊರೆತೀತು.